ಗ್ವಾಟೆಮಾಲ: ಏಲಕ್ಕಿ ಮತ್ತು ಮುಸುಕಿನ ಜೋಳದ ನಾಡು

ಸಣ್ಣ ಏಲಕ್ಕಿಯ ತವರು ನಮ್ಮ ಪಶ್ಚಿಮ ಘಟ್ಟದ ಕಾಡುಗಳು. ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಬೆಳೆಗಾರರಿಗೆ ಈ ಬೆಳೆ ತಲೆತಲಾಂತರದಿಂದ ಪರಿಚಿತ. ಆದರೆ ಹೊರದೇಶಗಳ ಮಾರುಕಟ್ಟೆಯಲ್ಲಿ 1980ರ ದಶಕದಲ್ಲಿ ಭಾರತವನ್ನು ಹಿಂದೆ ಹಾಕಿ ಮೊದಲ ಸ್ಥಾನಕ್ಕೇರಿದ ದೇಶ ಗ್ವಾಟೆಮಾಲ. ಏಲಕ್ಕಿಯ ಹೆಸರನ್ನೇ ನೂರಿಪ್ಪತ್ತು ವರ್ಷಗಳ ಹಿಂದೆ ಕೇಳಿರದಿದ್ದ ಆ ನಾಡಿನಲ್ಲಿ ಇದು ಲಕ್ಷಾಂತರ ಸಣ್ಣ ರೈತ ಕುಟುಂಬಗಳಿಗೆ ನಗದು ತರುವ ಬೆಳೆಯಾಯಿತು. ವಿಶೇಷವೆಂದರೆ, ಬೆಳೆಯುವವರು ಅದನ್ನು ತಿನ್ನುವುದಿಲ್ಲ. ಅವರ ಅಡಿಗೆಯಲ್ಲಿ ಏಲಕ್ಕಿಗೆ ಸ್ಥಾನವಿಲ್ಲ. ಫಸಲಿನ ಬಹುಭಾಗ ಅರಬ್ ದೇಶಗಳಿಗೆ ಹೋಗಿ ಅಲ್ಲಿನ ಕಾಫಿಯಲ್ಲಿ ಬೀಳುತ್ತದೆ.

ಏಲಕ್ಕಿಯಲ್ಲದೆ ಕಾಫಿ, ಸಕ್ಕರೆ, ಬಾಳೆಹಣ್ಣು, ತಾಳೆ ಎಣ್ಣೆಗಳನ್ನೂ ಈ ದೇಶ ರಫ್ತು ಮಾಡುತ್ತದೆ. ಹೀಗಿದ್ದರೂ 2014–15ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಪ್ರಕಾರ ಅಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಪೌಷ್ಟಿಕ ಆಹಾರದ ಕೊರತೆಯಿಂದ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಮಣ್ಣು ಫಲವತ್ತು, ಮಳೆ ಧಾರಾಳ, ರೈತರು ದುಡಿಮೆಗಾರರು. ಆದರೂ ಈ ಸ್ಥಿತಿ ಏಕೆ ಎಂಬುದನ್ನು ತಿಳಿಯಬೇಕಾದರೆ ಆ ದೇಶದ ಜನ, ಅವರ ಬೇಸಾಯ ಮತ್ತು ಮುಖ್ಯವಾಗಿ ಅಲ್ಲಿನ ಭೂಮಿಯ ಕಥೆಯನ್ನು ನೋಡಬೇಕು.

ನಾಡು ಮತ್ತು ಜನ

ಗ್ವಾಟೆಮಾಲ ಮೆಕ್ಸಿಕೊ ದೇಶದ ದಕ್ಷಿಣಕ್ಕಿದೆ. ವಿಸ್ತೀರ್ಣ ಸುಮಾರು 1,08,900 ಚದರ ಕಿಲೋಮೀಟರು. ಅಂದರೆ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ದಕ್ಷಿಣದಲ್ಲಿ ಶಾಂತಸಾಗರದ ಅಂಚಿನ ಬಯಲು, ಅದರ ಹಿಂದೆ ಸಾಲಾಗಿ ನಿಂತ ಜ್ವಾಲಾಮುಖಿ ಪರ್ವತಗಳು, ನಡುವೆ ತಂಪಾದ ಎತ್ತರದ ಪ್ರದೇಶ, ಉತ್ತರಕ್ಕೆ ಇಳಿದಂತೆ ದಟ್ಟ ಕಾಡು. ಜ್ವಾಲಾಮುಖಿಯ ಬೂದಿಯಿಂದಾದ ಮಣ್ಣು ಕಾಫಿಗೂ ಕಬ್ಬಿಗೂ ಬಲು ಒಳ್ಳೆಯದು. ಈ ಒಳ್ಳೆಯ ಮಣ್ಣಿನ ಇಳಿಜಾರು ಮತ್ತು ಬಯಲು ಹೆಚ್ಚಾಗಿ ದೊಡ್ಡ ತೋಟಗಳ ಪಾಲಾಗಿದೆ. ಸಣ್ಣ ರೈತರಿಗೆ ಉಳಿದಿರುವುದು ಬೆಟ್ಟದ ಕಡಿದಾದ ಓರೆಗಳು.

2018ರ ಜನಗಣತಿಯಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಜನ ತಾವು ಮಾಯಾ ಮೂಲದವರೆಂದು ಬರೆಸಿದ್ದಾರೆ. ಕಿಚೆ, ಕೆಕ್ಚಿ, ಕಕ್ಚಿಕೆಲ್, ಮಾಮ್ ಮೊದಲಾಗಿ ಅವರಲ್ಲಿ 22 ಭಾಷೆಗಳಿವೆ. ಇವು ಒಂದೇ ಭಾಷೆಯ ಆಡುಮಾತುಗಳಲ್ಲ. ಕನ್ನಡಿಗನಿಗೆ ಮಲಯಾಳವೋ ತೆಲುಗೋ ಹೇಗೋ ಹಾಗೆ ಒಂದೇ ಮೂಲದಿಂದ ಬಂದ ಬೇರೆ ಬೇರೆ ಭಾಷೆಗಳು. ಆಡಳಿತ, ನ್ಯಾಯಾಲಯ, ಬ್ಯಾಂಕುಗಳ ಭಾಷೆ ಮಾತ್ರ ಸ್ಪ್ಯಾನಿಷ್. ಹಳ್ಳಿಯ ರೈತ, ಅದರಲ್ಲೂ ರೈತ ಮಹಿಳೆ, ಕಚೇರಿಯ ಮೆಟ್ಟಿಲು ಹತ್ತಿದಾಗ ಮೊದಲು ಎದುರಾಗುವ ತೊಡಕು ಇದೇ.

ಮಹಿಳೆಯರು ಸೊಂಟಕ್ಕೆ ಕಟ್ಟಿಕೊಂಡು ನೇಯುವ ಚಿಕ್ಕ ಮಗ್ಗದಲ್ಲಿ ತಮ್ಮ ಮೇಲುಡುಪನ್ನು ತಾವೇ ನೇಯ್ದುಕೊಳ್ಳುತ್ತಾರೆ. ಹಿಂದೆ ಬಟ್ಟೆಯ ಬಣ್ಣ ಮತ್ತು ಚಿತ್ತಾರ ನೋಡಿಯೇ ಯಾವ ಊರಿನವಳೆಂದು ಹೇಳಬಹುದಾಗಿತ್ತು. ಎಷ್ಟೋ ಊರುಗಳಲ್ಲಿ ಈಗಲೂ ಹೇಳಬಹುದು. ಚಿಚಿಕಾಸ್ಟೆನಾಂಗೊ ಎಂಬಲ್ಲಿ ಗುರುವಾರ ಮತ್ತು ಭಾನುವಾರ ಸೇರುವ ಸಂತೆ ಹೆಸರಾದುದು. ಧರ್ಮದಲ್ಲಿ ಕ್ರೈಸ್ತರಾದರೂ 260 ದಿನಗಳ ಹಳೆಯ ಮಾಯಾ ಪಂಚಾಂಗವನ್ನು ಬೆಟ್ಟದ ಹಳ್ಳಿಗಳಲ್ಲಿ ಬಿಟ್ಟಿಲ್ಲ. ದಿನಗಳ ಲೆಕ್ಕವಿಟ್ಟು ಒಳ್ಳೆಯ ದಿನ ಹೇಳುವ ಹಿರಿಯರು ಇಂದಿಗೂ ಇದ್ದಾರೆ.

ಜೋಳದ ಹೊಲ, ಸುಣ್ಣದ ನೀರು

ಮುಸುಕಿನ ಜೋಳವನ್ನು ಸುಮಾರು 9,000 ವರ್ಷಗಳ ಹಿಂದೆ ಕಾಡುಹುಲ್ಲಿನಿಂದ ಬೆಳೆಯಾಗಿ ಪಳಗಿಸಿದವರು ಈಗಿನ ಮೆಕ್ಸಿಕೊ ಭಾಗದ ಜನ. ಅಲ್ಲಿಂದ ಅದು ಬಹುಬೇಗ ಗ್ವಾಟೆಮಾಲ ಬೆಟ್ಟಗಳಿಗೂ ಹಬ್ಬಿತು. ಕಿಚೆ ಜನರ ಪುರಾಣವಾದ ಪೊಪೊಲ್ ವುಹ್‌ನಲ್ಲಿ ದೇವತೆಗಳು ಮೊದಲು ಮಣ್ಣಿನಿಂದ, ನಂತರ ಮರದಿಂದ ಮನುಷ್ಯನನ್ನು ಮಾಡಿ ನೋಡುತ್ತಾರೆ. ಎರಡೂ ಸರಿಬರುವುದಿಲ್ಲ. ಕೊನೆಗೆ ಜೋಳದ ಹಿಟ್ಟಿನಿಂದ ಮಾಡಿದ ಮನುಷ್ಯ ಉಳಿಯುತ್ತಾನೆ. ನಮ್ಮಲ್ಲಿ ಮುಸುಕಿನ ಜೋಳದ ಬಹುಪಾಲು ಕೋಳಿ ಆಹಾರಕ್ಕೆ ಹೋಗುತ್ತದೆ. ಅವರಿಗೆ ಅದು ಮೂರು ಹೊತ್ತಿನ ಊಟ.

ಬೇಸಾಯದ ಕ್ರಮಕ್ಕೆ ಮಿಲ್ಪಾ ಎಂದು ಹೆಸರು. ಒಂದೇ ಹೊಲದಲ್ಲಿ ಜೋಳ, ಬಳ್ಳಿ ಹುರುಳಿ ಮತ್ತು ಕುಂಬಳ ಜಾತಿಯ ಬಳ್ಳಿ ಸೇರಿಸಿ ಬೆಳೆಯುತ್ತಾರೆ. ಹುರುಳಿ ಎಂದರೆ ಇಲ್ಲಿ ನಮ್ಮ ಹುರುಳಿಯಲ್ಲ, ತಿಂಗಳ ಹುರುಳಿಯ ಜಾತಿ. ಜೋಳದ ದಂಟು ಬಳ್ಳಿಗೆ ಆಸರೆ, ಹುರುಳಿಯ ಬೇರಿನಿಂದ ಮಣ್ಣಿಗೆ ಸಾರಜನಕ, ಕುಂಬಳದ ಅಗಲ ಎಲೆಯಿಂದ ನೆಲಕ್ಕೆ ನೆರಳು. ಕಳೆ ಕಡಿಮೆ, ತೇವ ಉಳಿಯುತ್ತದೆ. ಅಕ್ಕಡಿ ಸಾಲು ಹಾಕುವ ನಮ್ಮ ರೈತರಿಗೆ ಇದರ ಲಾಭವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಡಿಗೆಯ ವಿಧಾನ ಇನ್ನೂ ಗಮನಾರ್ಹ. ಒಣಗಿದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ಹಾಗೆಯೇ ಬಿಟ್ಟು, ಬೆಳಿಗ್ಗೆ ಸಿಪ್ಪೆ ತಿಕ್ಕಿ ತೊಳೆದು, ಕಲ್ಲಿನ ಮೇಲೆ ನುಣ್ಣಗೆ ಅರೆಯುತ್ತಾರೆ. ಆ ಹಿಟ್ಟನ್ನು ಕೈಯಲ್ಲಿ ತಟ್ಟಿ ಹೆಂಚಿನ ಮೇಲೆ ಬೇಯಿಸಿದರೆ ರೊಟ್ಟಿ ಸಿದ್ಧ. ತಟ್ಟುವ ಸದ್ದು ಉತ್ತರ ಕರ್ನಾಟಕದ ಅಡಿಗೆ ಮನೆಯ ಸದ್ದಿಗಿಂತ ಬೇರೆಯಲ್ಲ. ಸುಣ್ಣದಿಂದ ಎರಡು ಉಪಯೋಗ: ಊಟದಲ್ಲಿ ಕ್ಯಾಲ್ಸಿಯಂ ಸೇರುತ್ತದೆ, ಜೋಳದಲ್ಲಿ ಬಂಧಿತವಾಗಿರುವ ನಯಾಸಿನ್ ಎಂಬ ಬಿ ಜೀವಸತ್ವ ದೇಹಕ್ಕೆ ಸಿಗುವಂತಾಗುತ್ತದೆ. ಯೂರೋಪಿನವರು ಅಮೆರಿಕದಿಂದ ಜೋಳವನ್ನು ಕೊಂಡೊಯ್ದರು, ಸುಣ್ಣದ ಪದ್ಧತಿಯನ್ನು ಕೊಂಡೊಯ್ಯಲಿಲ್ಲ. ಅದರ ಫಲವಾಗಿ ಇಟಲಿ ಮುಂತಾದ ಕಡೆ ಜೋಳವನ್ನೇ ನಂಬಿದ ಬಡವರು ಪೆಲಾಗ್ರ ರೋಗದಿಂದ ನರಳಿದರು. ಬೀಜ ಪಡೆದವರು ಬೆಳೆದವರ ತಿಳಿವಳಿಕೆಯನ್ನೂ ಕೇಳಿ ಪಡೆಯಬೇಕಿತ್ತು.

ಮೆಣಸಿನಕಾಯಿ, ಪರಂಗಿ, ಸೀಮೆ ಬದನೆ, ಬೆಣ್ಣೆ ಹಣ್ಣು ಇವೆಲ್ಲ ಇದೇ ಸೀಮೆಯಿಂದ ನಮ್ಮಲ್ಲಿಗೆ ಬಂದವು. ಬದುಗಳ ಮೇಲೆ ಹಸಿರು ಗೊಬ್ಬರಕ್ಕಾಗಿ ನೆಡುವ ಗ್ಲಿರಿಸಿಡಿಯ ಕೂಡ ಅಲ್ಲಿನದೇ. ಏಲಕ್ಕಿ ಹೋದದ್ದಕ್ಕೆ ಲೆಕ್ಕ ಸರಿಹೋಯಿತೆನ್ನಬಹುದು.

ಭೂಮಿ ಕೈತಪ್ಪಿದ ಬಗೆ

ಸ್ಪೇನಿನ ಆಳ್ವಿಕೆ 1821ರಲ್ಲಿ ಕೊನೆಗೊಂಡರೂ ಬೆಟ್ಟದ ಹಳ್ಳಿಗಳಿಗೆ ಸಾಮೂಹಿಕ ಜಮೀನು ಬಹುಮಟ್ಟಿಗೆ ಉಳಿದಿತ್ತು. ಆಗಿನ ಮುಖ್ಯ ರಫ್ತು ಕೀಟದಿಂದ ತೆಗೆಯುವ ಕೆಂಪು ಬಣ್ಣ. ಯೂರೋಪಿನಲ್ಲಿ ರಾಸಾಯನಿಕ ಬಣ್ಣಗಳು ಬಂದ ಮೇಲೆ ಆ ವ್ಯಾಪಾರ ಬಿದ್ದುಹೋಯಿತು. ನಮ್ಮ ದೇಶದ ನೀಲಿ ಬೆಳೆಗೆ ಮುಂದೆ ಆದದ್ದೂ ಇದೇ. ಅದರ ಜಾಗಕ್ಕೆ ಬಂದದ್ದು ಕಾಫಿ. 1871ರ ನಂತರದ ಸರ್ಕಾರಗಳು, ಮುಖ್ಯವಾಗಿ ಹುಸ್ತೊ ರುಫಿನೊ ಬಾರಿಯೋಸ್ ಆಡಳಿತ, ಕಾಫಿಗೆ ತಕ್ಕ ಜಮೀನನ್ನು ಖಾಸಗಿಯವರಿಗೆ ದಾಟಿಸಿದವು. ತೋಟಕ್ಕೆ ಆಳು ಒದಗಿಸುವ ಹೊಣೆಯನ್ನು ಹಳ್ಳಿಗಳ ಮೇಲೆ ಹೇರಿದವು. ಉತ್ತರದ ಆಲ್ಟಾ ವೆರಾಪಾಸ್ ಪ್ರಾಂತ್ಯದಲ್ಲಿ ಜರ್ಮನಿಯಿಂದ ಬಂದವರು ದೊಡ್ಡ ತೋಟಗಳನ್ನು ಮಾಡಿದರು. ಅಲ್ಲಿ ತಲೆಮಾರುಗಳಿಂದ ಉಳುತ್ತಿದ್ದ ಕೆಕ್ಚಿ ಜನ ಅದೇ ನೆಲದಲ್ಲಿ ತೋಟದ ಆಳುಗಳಾದರು. ತುಂಡು ಜಮೀನಿನಲ್ಲಿ ಜೋಳ ಬೆಳೆದುಕೊಳ್ಳಲು ಅವಕಾಶ, ಬದಲಿಗೆ ಧಣಿಯ ತೋಟದಲ್ಲಿ ದುಡಿಮೆ: ಇದು ಅಲ್ಲಿನ ಜೀತದ ರೂಪ.

1934ರಲ್ಲಿ ಹೋರ್ಗೆ ಉಬಿಕೊ ಎಂಬ ಸರ್ವಾಧಿಕಾರಿ ಸಾಲದ ಜೀತವನ್ನು ರದ್ದು ಮಾಡಿದ. ಆದರೆ ಅದೇ ವರ್ಷ, ಸಾಕಷ್ಟು ಜಮೀನಿಲ್ಲದವರು ವರ್ಷಕ್ಕೆ 100ರಿಂದ 150 ದಿನ ಕೂಲಿ ಮಾಡಲೇಬೇಕೆಂಬ ಕಾನೂನು ತಂದ. ಕೂಲಿಯ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆಸಿಕೊಂಡು ಜೊತೆಯಲ್ಲಿಟ್ಟುಕೊಳ್ಳಬೇಕು. ಪುಸ್ತಕ ತೋರಿಸದವನು ಸೋಮಾರಿಯೆಂದು ಶಿಕ್ಷೆಗೆ ಗುರಿ. ಜಮೀನು ಕಳೆದುಕೊಂಡವನನ್ನೇ ಸೋಮಾರಿ ಎಂದು ಕರೆದ ಕಾನೂನಿದು.

1944ರಲ್ಲಿ ಜನ ದಂಗೆಯೆದ್ದು ಸರ್ವಾಧಿಕಾರ ಕೊನೆಗೊಂಡಿತು. ಶಿಕ್ಷಕರಾಗಿದ್ದ ಹುವಾನ್ ಹೋಸೆ ಆರೆವಾಲೊ ಅವರೂ ಅವರ ನಂತರ ಹಾಕೊಬೊ ಆರ್ಬೆನ್ಸ್ ಅವರೂ ಚುನಾಯಿತ ಅಧ್ಯಕ್ಷರಾದರು. 1950ರ ಲೆಕ್ಕದಂತೆ ಶೇಕಡಾ 2ರಷ್ಟು ಹಿಡುವಳಿದಾರರ ಕೈಯಲ್ಲಿ ಶೇಕಡಾ 72ರಷ್ಟು ಕೃಷಿ ಭೂಮಿ ಇತ್ತು. ಅದರಲ್ಲಿ ಬಹಳಷ್ಟು ಬೀಳು. 1952ರ ಜೂನ್ 17ರಂದು ಆರ್ಬೆನ್ಸ್ ಸರ್ಕಾರ 900ನೆಯ ಶಾಸನವನ್ನು ಹೊರಡಿಸಿತು. ದೊಡ್ಡ ಹಿಡುವಳಿಗಳಲ್ಲಿ ಸಾಗುವಳಿಯಾಗದೆ ಬಿದ್ದಿರುವ ಜಮೀನನ್ನು ಪಡೆದು ಭೂಹೀನರಿಗೆ ಹಂಚುವುದು, ಪರಿಹಾರವನ್ನು ಸರ್ಕಾರಿ ಬಾಂಡುಗಳ ರೂಪದಲ್ಲಿ ಕೊಡುವುದು ಅದರ ತಿರುಳು. ಕರ್ನಾಟಕದಲ್ಲಿ 1974ರ ತಿದ್ದುಪಡಿ ಗೇಣಿದಾರನಿಗೆ ತಾನು ಉಳುತ್ತಿದ್ದ ಹೊಲವನ್ನು ಕೊಡಿಸಿತು. ಗ್ವಾಟೆಮಾಲದ ಶಾಸನ ಮುಟ್ಟಿದ್ದು ಯಾರೂ ಉಳದ ಹೊಲವನ್ನು. ಎರಡು ವರ್ಷದೊಳಗೆ ಸುಮಾರು ಒಂದು ಲಕ್ಷ ಕುಟುಂಬಗಳಿಗೆ ಭೂಮಿ ದೊರೆಯಿತು.

ಪರಿಹಾರದ ಮೊತ್ತವನ್ನು ಭೂಮಾಲೀಕರು ತೆರಿಗೆಗಾಗಿ ತಾವೇ ಘೋಷಿಸಿದ್ದ ಬೆಲೆಯ ಮೇಲೆ ನಿಗದಿ ಮಾಡಲಾಗಿತ್ತು. ಬಾಳೆ ಬೆಳೆಯುತ್ತಿದ್ದ ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿ ಆಗ ದೇಶದ ಅತಿ ದೊಡ್ಡ ಭೂಮಾಲೀಕ. ಅದರ ಬೀಳು ಜಮೀನಿಗೆ ಲೆಕ್ಕದಂತೆ ಬಂದದ್ದು ಸುಮಾರು 6.27 ಲಕ್ಷ ಡಾಲರು; ಕಂಪನಿಯ ಪರವಾಗಿ ಅಮೆರಿಕ ಸರ್ಕಾರ ಕೇಳಿದ್ದು ಸುಮಾರು 158 ಲಕ್ಷ ಡಾಲರು. 1954ರ ಜೂನ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯ ಬೆಂಬಲದ ದಂಡಯಾತ್ರೆ ಆರ್ಬೆನ್ಸ್ ಸರ್ಕಾರವನ್ನು ಉರುಳಿಸಿತು. ಹಂಚಿದ ಭೂಮಿಯ ಬಹುಪಾಲು ಹಳೆಯ ಮಾಲೀಕರಿಗೆ ಮರಳಿತು. ಮೊದಲ ಫಸಲು ಕಂಡಿದ್ದ ರೈತರು ಮತ್ತೆ ಕೂಲಿಗಳಾದರು.

1960ರಿಂದ 1996ರವರೆಗೆ ಒಳಯುದ್ಧ ನಡೆಯಿತು. ಸತ್ತವರು ಮತ್ತು ಕಾಣೆಯಾದವರು ಎರಡು ಲಕ್ಷವೆಂದು 1999ರಲ್ಲಿ ಸತ್ಯಶೋಧನ ಆಯೋಗ ಅಂದಾಜು ಮಾಡಿತು. ಗುರುತು ಸಿಕ್ಕವರಲ್ಲಿ ಶೇಕಡಾ 83ರಷ್ಟು ಜನ ಮಾಯಾ ಮೂಲದವರು. ಹಿಂಸೆಯ ಬಹುಪಾಲನ್ನು ಆಯೋಗ ಸೈನ್ಯ ಮತ್ತು ಅದರ ಕಡೆಯ ಪಡೆಗಳ ಮೇಲೆ ಹೊರಿಸಿತು. 1978ರ ಮೇ 29ರಂದು ಆಲ್ಟಾ ವೆರಾಪಾಸ್‌ನ ಪಾನ್ಸೋಸ್ ಊರಿನ ಚೌಕದಲ್ಲಿ ಭೂಮಿಯ ಹಕ್ಕು ಕೇಳಲು ಬಂದಿದ್ದ ಕೆಕ್ಚಿ ರೈತರ ಮೇಲೆ ಸೈನಿಕರು ಗುಂಡು ಹಾರಿಸಿದರು. ಹತ್ತಾರು ಜನ, ಹೆಂಗಸರು ಮಕ್ಕಳು ಸೇರಿ, ಅಲ್ಲಿಯೇ ಸತ್ತರು.

ಸಾನ್ ಮಾರ್ಟಿನ್ ರೈತರ ಪಾಠ

ಇಂತಹ ಕಾಲದಲ್ಲಿಯೇ ವಿಸ್ತರಣಾ ಕಾರ್ಯಕರ್ತರೆಲ್ಲ ತಿಳಿಯಬೇಕಾದ ಒಂದು ಪ್ರಯೋಗ ನಡೆಯಿತು. ಚಿಮಾಲ್ಟೆನಾಂಗೊ ಪ್ರಾಂತ್ಯದ ಸಾನ್ ಮಾರ್ಟಿನ್ ಹಿಲೊಟೆಪೆಕೆ ಎಂಬುದು ಕಕ್ಚಿಕೆಲ್ ಜನರ ಬೆಟ್ಟದ ಸೀಮೆ. 1972ರಲ್ಲಿ ಅಲ್ಲಿ ಮೇಲ್ಮಣ್ಣು ಕೊಚ್ಚಿಹೋಗಿ ಜೋಳದ ಇಳುವರಿ ಹೆಕ್ಟೇರಿಗೆ ಸುಮಾರು 4 ಕ್ವಿಂಟಾಲಿಗೆ ಇಳಿದಿತ್ತು. ಊಟಕ್ಕೆ ಸಾಲದೆ ಗಂಡಸರು ವರ್ಷದಲ್ಲಿ ಕೆಲವು ತಿಂಗಳು ಕರಾವಳಿಯ ಕಾಫಿ, ಹತ್ತಿ, ಕಬ್ಬಿನ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದರು.

ವರ್ಲ್ಡ್ ನೇಬರ್ಸ್ ಎಂಬ ಸ್ವಯಂಸೇವಾ ಸಂಸ್ಥೆ ಅಲ್ಲಿ ಕೆಲಸ ಆರಂಭಿಸಿತು. ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿಯಲ್ಲಿ ಕಾಲುವೆ ತೆಗೆಯುವುದು, ಅದರ ಅಂಚಿಗೆ ನೇಪಿಯರ್ ಹುಲ್ಲು ನೆಡುವುದು, ಗೊಬ್ಬರವನ್ನು ಸರಿಯಾದ ಹೊತ್ತಿನಲ್ಲಿ ಬುಡಕ್ಕೆ ಕೊಡುವುದು: ಮೊದಲಿಗೆ ಇಷ್ಟೇ. ಹತ್ತು ವಿಷಯ ಹೇಳಿ ಒಂದೂ ಆಗದಿರುವುದಕ್ಕಿಂತ ಒಂದೆರಡು ಹೇಳಿ ಎಲ್ಲರೂ ಮಾಡುವುದು ಮೇಲೆಂಬುದು ಅವರ ನಂಬಿಕೆ. ಯಾವ ರೈತನಿಗೂ ಇಡೀ ಹೊಲದಲ್ಲಿ ಮಾಡೆಂದು ಹೇಳಲಿಲ್ಲ. ಒಂದು ಮೂಲೆಯಲ್ಲಿ ಮಾಡಿ ನೋಡಲು ಹೇಳಿದರು. ಸೋತರೂ ಮನೆಯ ಊಟಕ್ಕೆ ಧಕ್ಕೆಯಿಲ್ಲ. ಬೀಜ, ಗೊಬ್ಬರ, ಕೂಲಿ ಯಾವುದನ್ನೂ ಪುಕ್ಕಟೆ ಹಂಚಲಿಲ್ಲ. ಪುಕ್ಕಟೆ ಬಂದದ್ದು ನಿಂತ ದಿನ ಕೆಲಸವೂ ನಿಲ್ಲುತ್ತದೆ.

ಸಮಪಾತಳಿ ಗೆರೆ ಗುರುತಿಸಲು ಮಧ್ಯ ಅಮೆರಿಕದ ರೈತರು ಬಳಸುವ ಸಾಧನ ಬಲು ಸರಳ. ಒಂದೇ ಉದ್ದದ ಎರಡು ಗಳಗಳ ತುದಿಗಳನ್ನು ಸೇರಿಸಿ ಕಟ್ಟಿ, ಕಾಲು ಅಗಲಿಸಿ, ನಡುವೆ ಅಡ್ಡಗೋಲು ಬಿಗಿಯಬೇಕು. ಮೇಲಿನ ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ, ಅಡ್ಡಗೋಲನ್ನು ದಾಟುವಂತೆ ಇಳಿಬಿಡಬೇಕು. ಎರಡು ಗೂಟಗಳ ಮೇಲೆ ಕಾಲುಗಳನ್ನಿಟ್ಟು ದಾರ ಅಡ್ಡಗೋಲನ್ನು ಮುಟ್ಟುವ ಜಾಗಕ್ಕೆ ಗುರುತು ಹಾಕಿ, ಕಾಲುಗಳನ್ನು ಅದಲು ಬದಲು ಮಾಡಿ ಇನ್ನೊಂದು ಗುರುತು ಹಾಕಬೇಕು. ಎರಡು ಗುರುತುಗಳ ನಟ್ಟನಡುವೆ ದಾರ ನಿಂತಾಗ ಎರಡು ಕಾಲುಗಳೂ ಒಂದೇ ಮಟ್ಟದಲ್ಲಿರುತ್ತವೆ. ಹೊಲದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೀಗೆ ಹೆಜ್ಜೆ ಹಾಕಿಸುತ್ತ ಗೂಟ ನೆಟ್ಟರೆ ಗೆರೆ ಸಿದ್ಧ. ಓದು ಬಾರದವನಿಗೂ ಅರ್ಧ ದಿನದಲ್ಲಿ ಕೈಹಿಡಿಯುವ ಕೆಲಸ.

ಸಾನ್ ಮಾರ್ಟಿನ್‌ನಲ್ಲಿ ಮಾಡಿ ಗೆದ್ದ ರೈತರೇ ಮುಂದೆ ನೆರೆಯವರಿಗೆ ಶಿಕ್ಷಕರಾದರು. ಪಾಠ ಕಕ್ಚಿಕೆಲ್ ಭಾಷೆಯಲ್ಲಿ, ಹೊಲದ ಬದುವಿನ ಮೇಲೆ. 1976ರ ಫೆಬ್ರುವರಿ 4ರ ಭೂಕಂಪ ದೇಶದಲ್ಲಿ ಸುಮಾರು 23,000 ಜನರನ್ನು ಬಲಿ ತೆಗೆದುಕೊಂಡಿತು. ಚಿಮಾಲ್ಟೆನಾಂಗೊ ಪ್ರಾಂತ್ಯದ ಊರುಗಳು ನೆಲಸಮವಾದವು. ಆದರೂ ಕೆಲಸ ಮುಂದುವರಿಯಿತು. 1979ರಲ್ಲಿ ಕಾರ್ಯಕ್ರಮ ಮುಗಿಯುವ ವೇಳೆಗೆ ಜೋಳದ ಇಳುವರಿ ಹೆಕ್ಟೇರಿಗೆ ಸುಮಾರು 24 ಕ್ವಿಂಟಾಲ್ ಮುಟ್ಟಿತ್ತು. ಕರಾವಳಿಗೆ ಕೂಲಿಗೆ ಹೋಗುವವರು ಕಡಿಮೆಯಾದರು.

ರೈತ ತನ್ನ ಕಾಲ ಮೇಲೆ ನಿಂತದ್ದನ್ನು ಎಲ್ಲರೂ ಮೆಚ್ಚಲಿಲ್ಲ. ಸಂಘಟಿತರಾದ ಹಳ್ಳಿಗರೆಲ್ಲ ಬಂಡುಕೋರರೆಂದು ಶಂಕಿಸಿದ ಕಾಲವದು. 1980ರ ದಶಕದ ಆರಂಭದಲ್ಲಿ ಈ ರೈತ ಶಿಕ್ಷಕರಲ್ಲಿ ಅನೇಕರು ಕೊಲೆಯಾದರು. ಹಲವರು ಊರು ಬಿಟ್ಟು ಮೆಕ್ಸಿಕೊ ಮೊದಲಾದ ಕಡೆ ಓಡಿದರು. ಹೋದಲ್ಲಿ ಅದೇ ಪಾಠವನ್ನು ಹೇಳಿಕೊಟ್ಟರು. ಮೆಕ್ಸಿಕೊ, ನಿಕರಾಗುವ ದೇಶಗಳಲ್ಲಿ ‘ರೈತನಿಂದ ರೈತನಿಗೆ’ ಎಂಬ ಹೆಸರಿನಲ್ಲಿ ಬೆಳೆದ ಚಳುವಳಿಯ ಬೇರು ಇಲ್ಲಿದೆ. 1994ರಲ್ಲಿ ಸಾನ್ ಮಾರ್ಟಿನ್‌ನ ಹಳ್ಳಿಗಳನ್ನು ಮತ್ತೆ ಸಮೀಕ್ಷೆ ಮಾಡಿದಾಗ, ಹದಿನೈದು ವರ್ಷ ಹೊರಗಿನ ನೆರವಿಲ್ಲದೆಯೂ ಇಳುವರಿ ಹೆಕ್ಟೇರಿಗೆ ಸುಮಾರು 45 ಕ್ವಿಂಟಾಲಿಗೆ ಏರಿದ್ದು ಕಂಡುಬಂತು.

ಹಸಿ ಕಾಯಿಯ ವ್ಯಾಪಾರ

ಇನ್ನು ಏಲಕ್ಕಿಗೆ ಬರಬಹುದು. 1914ರ ಸುಮಾರಿಗೆ ಆಸ್ಕರ್ ಮಾಯುಸ್ ಕ್ಲೋಫರ್ ಎಂಬ ಜರ್ಮನ್ ತೋಟಗಾರ ಆಲ್ಟಾ ವೆರಾಪಾಸ್‌ನ ಕೋಬಾನ್ ಪಟ್ಟಣದ ಬಳಿ ಇದನ್ನು ನೆಟ್ಟ. ಹಲವು ದಶಕ ಅದು ದೊಡ್ಡ ತೋಟಗಳ ಬೆಳೆಯಾಗಿಯೇ ಇತ್ತು. 1970ರ ದಶಕದಲ್ಲಿ ತೈಲದ ಹಣದಿಂದ ಅರಬ್ ದೇಶಗಳ ಬೇಡಿಕೆ ಏರಿ, ಬೆಲೆಯೂ ಏರಿತು. ಕೆಕ್ಚಿ ರೈತರು ಕಾಡಂಚಿನ ಇಳಿಜಾರುಗಳಲ್ಲಿ ಜೋಳದ ಪಕ್ಕ ಏಲಕ್ಕಿ ನೆಟ್ಟರು. ಅಲ್ಲಿನ ಮಂಜು, ತಂಪು, ಮರಗಳ ನೆರಳು ಮಲೆನಾಡನ್ನು ಹೋಲುತ್ತವೆ. ನಮ್ಮ ಕಟ್ಟೆ ರೋಗದಂತಹ ಮೊಸಾಯಿಕ್ ನಂಜು ಅಲ್ಲಿಯೂ ಇದೆ. ಇತ್ತೀಚಿನ ವರ್ಷಗಳಲ್ಲಿ ಥ್ರಿಪ್ಸ್ ಬಾಧೆಯೂ ದೊಡ್ಡದಾಗಿದೆ.

ವ್ಯತ್ಯಾಸವಿರುವುದು ಕೊಯ್ಲಿನ ನಂತರ. ಸುಮಾರು ಐದು ಕಿಲೋ ಹಸಿ ಕಾಯಿ ಒಣಗಿದರೆ ಒಂದು ಕಿಲೋ ಆಗುತ್ತದೆ. ಒಣಗಿಸಲು ಬಿಸಿಗಾಳಿಯ ಯಂತ್ರ, ರಾಶಿ ಸೌದೆ ಮತ್ತು ಒಂದೂವರೆ ದಿನದಷ್ಟು ಹೊತ್ತು ಬೇಕು. ಎಕರೆ ಅರ್ಧ ಎಕರೆಯ ರೈತನಿಗೆ ಇವು ಎಟುಕುವುದಿಲ್ಲ. ಹಸಿ ಕಾಯಿ ಇಟ್ಟರೆ ಕೆಡುತ್ತದೆ. ಆದ್ದರಿಂದ ಕೊಯ್ದ ದಿನವೇ ಚೀಲವನ್ನು ಬೆನ್ನಿನ ಮೇಲೆ ಹೊತ್ತು ರಸ್ತೆಗೆ ಬಂದು, ಅಲ್ಲಿ ಕಾದಿರುವ ದಲ್ಲಾಳಿ ಹೇಳಿದ ಬೆಲೆಗೆ ಕೊಡುತ್ತಾನೆ. ದಲ್ಲಾಳಿಯಿಂದ ಒಣಗಿಸುವವನಿಗೆ, ಅವನಿಂದ ರಫ್ತುದಾರನಿಗೆ. ಹಸಿರು ಬಣ್ಣ, ಗಾತ್ರ ನೋಡಿ ದರ್ಜೆ ಮಾಡುವ ಲಾಭವೆಲ್ಲ ರೈತನ ಕೈ ದಾಟಿದ ಮೇಲೆ ಹುಟ್ಟುತ್ತದೆ. ದಲ್ಲಾಳಿಗೆ ಅಲ್ಲಿನ ಜನರಿಟ್ಟ ಹೆಸರು ಕೊಯೊಟೆ. ಅದು ನರಿಗೂ ತೋಳಕ್ಕೂ ನಡುವಿನಂತಿರುವ ಒಂದು ಕಾಡುಪ್ರಾಣಿ. ಇನ್ನೊಂದು ಮಾತೆಂದರೆ, ಭಾರತದ ಬೆಳೆಗಾರನಿಗೆ ದೇಶದೊಳಗೇ ಏಲಕ್ಕಿ ಕೊಳ್ಳುವ ಕೋಟ್ಯಂತರ ಮನೆಗಳಿವೆ. ಗ್ವಾಟೆಮಾಲದ ರೈತನಿಗೆ ಹೊರಗಿನ ಬೇಡಿಕೆ ಬಿದ್ದರೆ ಬೇರೆ ದಾರಿಯಿಲ್ಲ. ಕೆಲವು ಹಳ್ಳಿಗಳಲ್ಲಿ ಸಹಕಾರ ಸಂಘಗಳು ಸ್ವಂತ ಒಣಗಿಸುವ ಯಂತ್ರ ಹಾಕಿಕೊಂಡು ಒಣ ಏಲಕ್ಕಿಯನ್ನೇ ಮಾರತೊಡಗಿವೆ. ಇಂತಹವು ಇನ್ನೂ ಸ್ವಲ್ಪವೇ.

ಕಾಫಿ ಬೆಳೆಗಾರರ ಕಷ್ಟ ಬೇರೆ ಬಗೆಯದು. ಮಲೆನಾಡಿಗೆ 19ನೆಯ ಶತಮಾನದಲ್ಲೇ ಬಂದ ಎಲೆ ತುಕ್ಕು ರೋಗ ಗ್ವಾಟೆಮಾಲ ಮುಟ್ಟಿದ್ದು 1980ರಲ್ಲಿ. 2012–13ರಲ್ಲಿ ಅದು ಉಲ್ಬಣಿಸಿ ಕಾಫಿ ಪ್ರದೇಶದ ಸುಮಾರು ಶೇಕಡಾ 70ಕ್ಕೆ ಹಬ್ಬಿ, ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಸಣ್ಣ ತೋಟಗಳಲ್ಲಿ ರೋಗ ತಡೆಯದ ಹಳೆಯ ತಳಿಗಳೇ ಹೆಚ್ಚಾಗಿದ್ದವು. ಕೊಯ್ಲಿನ ಕೂಲಿಯನ್ನು ನಂಬಿದವರಿಗೆ ಆ ವರ್ಷ ಕೂಲಿಯೂ ಇಲ್ಲವಾಯಿತು.

ಊರು ಬಿಟ್ಟವರ ಹಣ

1996ರ ಶಾಂತಿ ಒಪ್ಪಂದ ಯುದ್ಧವನ್ನು ನಿಲ್ಲಿಸಿತು, ಭೂಮಿಯನ್ನು ಮರುಹಂಚಲಿಲ್ಲ. 1999ರಲ್ಲಿ ಒಂದು ಭೂನಿಧಿ ಸ್ಥಾಪನೆಯಾಗಿ, ರೈತರಿಗೆ ಸಾಲ ಕೊಟ್ಟು ಜಮೀನು ಕೊಳ್ಳಿಸುವ ಕ್ರಮ ಬಂತು. ಮಾರುವವರು ಕೊಡಲೊಪ್ಪಿದ ಜಮೀನು ಹಲವು ಸಾರಿ ಬರಡು. ಸಾಲ ಮಾತ್ರ ತೀರಿಸಬೇಕು. 2003ರ ಕೃಷಿ ಗಣತಿಯಲ್ಲಿಯೂ ಶೇಕಡಾ 2ರಷ್ಟು ಹಿಡುವಳಿಗಳಲ್ಲಿ ಶೇಕಡಾ 57ರಷ್ಟು ಭೂಮಿ ಕಂಡುಬಂತು. ಆಲ್ಟಾ ವೆರಾಪಾಸ್ ಮತ್ತು ಅದರ ಉತ್ತರದ ತಗ್ಗಿನಲ್ಲಿ ಈಗ ತಾಳೆ ಎಣ್ಣೆಯ ತೋಟಗಳು ಹಬ್ಬುತ್ತಿವೆ. 2024ರ ಜನವರಿಯಲ್ಲಿ ಅಧ್ಯಕ್ಷ ಪದವಿಗೇರಿದ ಬೆರ್ನಾರ್ಡೊ ಆರೆವಾಲೊ 1945ರ ಅಧ್ಯಕ್ಷರ ಮಗ. ಅವರು ಅಧಿಕಾರ ವಹಿಸಿಕೊಳ್ಳುವುದಕ್ಕೆ ಅಡ್ಡಿ ಬಂದಾಗ, 2023ರ ಅಕ್ಟೋಬರ್‌ನಲ್ಲಿ ವಾರಗಟ್ಟಲೆ ರಸ್ತೆಗಳಲ್ಲಿ ಕುಳಿತು ಮತದ ತೀರ್ಪನ್ನು ಕಾಯ್ದವರಲ್ಲಿ ಮುಂದಾಳುಗಳು ಮಾಯಾ ಹಳ್ಳಿಗಳ ಹಿರಿಯರು.

ದೇಶಕ್ಕೆ ಇಂದು ಅತಿ ಹೆಚ್ಚು ಹೊರದೇಶದ ಹಣ ತರುವುದು ಯಾವ ಬೆಳೆಯೂ ಅಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ದುಡಿಯಲು ಹೋದವರು ಮನೆಗೆ ಕಳಿಸುವ ಹಣ ರಾಷ್ಟ್ರೀಯ ಉತ್ಪನ್ನದ ಸುಮಾರು ಐದರಲ್ಲೊಂದು ಪಾಲಿನಷ್ಟಾಗುತ್ತದೆ. ಗಡಿ ದಾಟಿಸುವ ದಲ್ಲಾಳಿಗೂ ಕೊಯೊಟೆ ಎಂದೇ ಹೆಸರು. ಅವನಿಗೆ ಕೊಡಲು ಎಷ್ಟೋ ಕುಟುಂಬಗಳು ಇರುವ ತುಂಡು ಜಮೀನನ್ನು ಒತ್ತೆಯಿಡುತ್ತವೆ. ಹೋದವನು ದಾಟಿದರೆ ಮೊದಲ ಒಂದೆರಡು ವರ್ಷದ ಹಣ ಆ ಸಾಲಕ್ಕೆ, ಅನಂತರದ್ದು ಮನೆ ಕಟ್ಟಲು. ಗಡಿಯಿಂದ ಹಿಂದಕ್ಕಟ್ಟಿದರೆ ಜಮೀನು ಸಾಲ ಕೊಟ್ಟವನಿಗೆ. ಅಷ್ಟರವರೆಗೆ ಮಿಲ್ಪಾದ ಜೋಳ, ಏಲಕ್ಕಿಯ ಕೊಯ್ಲು, ದಲ್ಲಾಳಿಯೊಡನೆ ತೂಕದ ಜಗಳ ಎಲ್ಲವೂ ಊರಿನಲ್ಲಿ ಉಳಿದ ಹೆಂಗಸರ ಪಾಲಿಗೆ.